ಪಾಲಿಕೆ ಚುನಾವಣೆಗೆ ನಿಲ್ಲಬೇಕು ಅಂತಿದ್ದೇನೆ. ಓಣಿಯ ಕಾರ್ಯಕ್ರಮಗಳಿಗೆ ರೊಟ್ಟಿ ಕೊಡುವುದನ್ನು ಬಿಡಬೇಕಾ?

ರೊಟ್ಟಿ ಅಕ್ಕ, ಹಳೇ ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷದಿಂದ ರೊಟ್ಟಿ ಮಾಡಿ ಮಾರುತ್ತೇನೆ. ಮೊದಲು ಒಬ್ಬಳೇ ಬಡಿಯುತ್ತಿದ್ದೆ, ಈಗ ಜೊತೆಗೆ ಐದು ಜನ ಹೆಣ್ಣುಮಕ್ಕಳಿದ್ದಾರೆ. ಕಟಕ ರೊಟ್ಟಿ, ಬಿಸಿ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ದಿನಕ್ಕೆ ಎಂಟುನೂರು ರೊಟ್ಟಿ ಆಗುತ್ತದೆ, ಮದುವೆ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ನಮ್ಮ ಓಣಿಯಲ್ಲಿ ತೊಟ್ಟಿಲು ಇರಲಿ, ಸೀಮಂತ ಇರಲಿ, ದಿನಕರ್ಮ ಇರಲಿ, ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಬೆಂಗಳೂರಿಗೆ ಹೋದ, ಎಲ್ಲ ನನಗೆ ಗೊತ್ತು.

ಮುಂದಿನ ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲಬೇಕು ಅಂತ ಮನಸ್ಸು ಮಾಡಿದ್ದೇನೆ. ಯಾಕೆ ಅಂತ ಕೇಳಿದರೆ ನೀರು. ನಲ್ಲಿ ಬರುವ ದಿನ ನಮ್ಮ ಹೆಣ್ಣುಮಕ್ಕಳು ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಏಳಬೇಕು. ಈ ದಿನ, ಇಷ್ಟು ಹೊತ್ತಿಗೆ ಬರುತ್ತದೆ ಅಂತ ಮೊದಲೇ ಹೇಳುವ ಒಬ್ಬರು ಸಿಕ್ಕರೂ ನಮ್ಮ ಅರ್ಧ ಕಷ್ಟ ಕಳೆಯುತ್ತದೆ. ಆ ಒಬ್ಬರು ನಾನೇ ಯಾಕಾಗಬಾರದು ಅನ್ನಿಸಿತು.

ಈಗ ನನ್ನ ಸಂಕಟ ಹೇಳುತ್ತೇನೆ.

ಹೋದ ತಿಂಗಳು ನಮ್ಮ ಹಿಂದಿನ ಓಣಿಯಲ್ಲಿ ಸೀಮಂತ ಇತ್ತು. ಇನ್ನೂರೈವತ್ತು ರೊಟ್ಟಿ ಕಳಿಸಿದ್ದೆ, ಊಟಕ್ಕೂ ಕರೆದಿದ್ದರು. ನನ್ನ ಅಕ್ಕನ ಮಗ ನನಗೆ ಗೊತ್ತಿಲ್ಲದೆ ಒಂದು ಕಾರ್ಡು ಮಾಡಿಸಿದ್ದ. ನನ್ನ ಫೋಟೋ, ಕೆಳಗೆ 'ನಿಮ್ಮ ಮನೆ ಮಗಳು'. ಬಂದ ಹೆಣ್ಣುಮಕ್ಕಳಿಗೆ ಕೊಡಲು ಎಲೆ ಅಡಿಕೆ, ಬ್ಲೌಸ್ ಪೀಸು ಹಾಕಿಟ್ಟ ಚೀಲಗಳಿದ್ದವಲ್ಲ, ಅದರೊಳಗೆ ಒಂದೊಂದು ಕಾರ್ಡು ತುರುಕಿಬಿಟ್ಟಿದ್ದ. ಬಸುರಿಯ ಉಡಿ ತುಂಬುವ ತಾಟಿನಲ್ಲೂ ಒಂದು ಬಿದ್ದಿತ್ತು. ಹುಡುಗಿಯ ಅಜ್ಜಿ ಅದನ್ನು ಎತ್ತಿ ನನ್ನ ಮುಂದೆ ಹಿಡಿದರು. "ನನ್ನ ಮೊಮ್ಮಗಳ ಉಡಿಯೊಳಗ ನಿನ್ನ ಫೋಟೋ ಯಾಕವ್ವಾ?" ಅಂದರು. ಜೋರು ಮಾಡಲಿಲ್ಲ. ಅಷ್ಟೇ ಕೇಳಿದರು. ನಾನು ಅವರ ಕಾಲು ಮುಟ್ಟಿ, ಒಂದೊಂದೇ ಚೀಲ ಬಿಚ್ಚಿ ಕಾರ್ಡು ತೆಗೆದೆ. ಎಪ್ಪತ್ತು ಕಾರ್ಡು. ಆ ಅಜ್ಜಿ ನನ್ನ ಮೊದಲ ಗಿರಾಕಿ. ಅಂದಿನಿಂದ ಆ ಮನೆಯಿಂದ ರೊಟ್ಟಿ ಹೇಳಿ ಕಳಿಸಿಲ್ಲ.

ಇನ್ನೊಂದು ವಿಷಯ. ನಮ್ಮ ಗಣಪತಿ ಮಂಡಳಿಯ ಹುಡುಗರು ಬಂದಿದ್ದರು. "ಅಕ್ಕಾರ, ಪೆಂಡಾಲಿಗೆ ಐವತ್ತು ಸಾವಿರ ಕೊಡ್ರಿ, ಬಾಗಿಲಿಗೆ ನಿಮ್ಮದೇ ಬ್ಯಾನರ್, ಮಹಾಮಂಗಳಾರತಿ ದಿನ ಮೈಕ್ ನಿಮ್ಮ ಕೈಗೆ" ಅಂದರು. ನಾನು ಕೊಡದಿದ್ದರೆ ಇನ್ನೊಬ್ಬ ಆಕಾಂಕ್ಷಿ ಕೊಡಲು ತಯಾರಿದ್ದಾರಂತೆ. ಅವರು ಆಗಲೇ ಕ್ರಿಕೆಟ್ ಟೂರ್ನಮೆಂಟಿಗೆ ಜೆರ್ಸಿ ಹಂಚಿದ್ದಾರೆ.

ಮೂರನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು. ಶ್ರಾವಣದ ಕೊನೆಯ ಸೋಮವಾರ ನಮ್ಮ ಹತ್ತಿರದ ಮಠದ ದಾಸೋಹಕ್ಕೆ ಐದುನೂರು ರೊಟ್ಟಿ ಕೊಡುತ್ತೇನೆ. ನನ್ನ ಯಜಮಾನರು ತೀರಿಕೊಂಡ ವರ್ಷ ಶುರು ಮಾಡಿದ್ದು, ಒಂಬತ್ತು ವರ್ಷ ತಪ್ಪಿಸಿಲ್ಲ. ಈಗ ಕೊಟ್ಟರೆ ವೋಟಿಗೆ ಕೊಟ್ಟಳು ಅಂತಾರೆ. ಬಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇಂಥ ಕಾರ್ಯಕ್ರಮಗಳಿಗೆ ಹೋಗಬೇಕಾ, ಬೇಡವಾ? ಹೋದರೆ ಹೇಗಿರಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.


ಪಟ್ಟಿ ಲೆಕ್ಕದವ, ಗೋಕುಲ ರಸ್ತೆ:

ಅಕ್ಕಾರೇ, ಮೊದಲು ಗಣಪತಿ ವಿಷಯ ಹೇಳುತ್ತೇನೆ, ಯಾಕಂದರೆ ಇಪ್ಪತ್ತೆರಡು ವರ್ಷದಿಂದ ನಮ್ಮ ಮಂಡಳಿಯ ಪಟ್ಟಿ, ಅಂದರೆ ಮನೆಮನೆಯಿಂದ ಎತ್ತುವ ಚಂದಾ, ಅದರ ಲೆಕ್ಕ ಬರೆಯುವವನು ನಾನು. ಐವತ್ತು ಸಾವಿರ ಕೊಡಬೇಡಿ. ನಿಮ್ಮ ಹತ್ತಿರ ಇದ್ದರೂ ಕೊಡಬೇಡಿ.

ನಮ್ಮಲ್ಲೂ ಒಮ್ಮೆ ಹೀಗೇ ಆಯಿತು. ಒಬ್ಬರು ಬಂದು ಪೆಂಡಾಲ್, ಲೈಟಿಂಗ್, ಡೊಳ್ಳು ಎಲ್ಲ ನಮ್ಮದು ಅಂದರು. ಹುಡುಗರು ಖುಷಿಯಾದರು. ನನಗೂ ಮನೆಮನೆ ತಿರುಗುವುದು ತಪ್ಪಿತಲ್ಲ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೂರ್ತಿ ದೊಡ್ಡದು ಬಂತು. ಆದರೆ ಆ ವರ್ಷ ಆರತಿಗೆ ಓಣಿಯ ಜನ ಕಡಿಮೆ, ಅವರ ಕಡೆಯವರೇ ಜಾಸ್ತಿ. ಹೂವು ಮಾರುವ ಒಬ್ಬ ತಾಯಿ ಪ್ರತಿ ವರ್ಷ ಐವತ್ತೊಂದು ರೂಪಾಯಿ ತಾವೇ ತಂದು ಕೊಡುತ್ತಿದ್ದರು. ಆ ವರ್ಷ ಕೊಡಲಿಲ್ಲ. "ಸಾಹುಕಾರ್ರು ಕೊಟ್ಟಾರಂತಲ್ಲೋ ತಮ್ಮಾ, ನನ್ನ ಐವತ್ತೊಂದು ಯಾಕ ಬೇಕು" ಅಂದರು. ಮರುವರ್ಷ ಆ ಸಾಹುಕಾರರಿಗೆ ಟಿಕೆಟ್ ಸಿಗಲಿಲ್ಲ, ಅವರು ಬರಲೂ ಇಲ್ಲ. ನಾವು ಪಟ್ಟಿ ಪುಸ್ತಕ ಹಿಡಿದು ಹೋದರೆ ಮನೆಮನೆಯಲ್ಲೂ "ಅವರನ್ನೇ ಕೇಳ್ರಿ" ಅನ್ನುವ ಮಾತು. ಹಳೇ ಪಟ್ಟಿ ಮತ್ತೆ ಕೂಡಲು ಮೂರು ವರ್ಷ ಹಿಡಿಯಿತು. ಆ ತಾಯಿ ಮಾತ್ರ ಆಮೇಲೆ ಎಂದೂ ತಾವಾಗಿ ತಂದು ಕೊಡಲಿಲ್ಲ.

ಕಳೆದ ಪಾಲಿಕೆ ಚುನಾವಣೆ ನೆನಪಿದೆಯಲ್ಲ? 2021ರ ಸೆಪ್ಟೆಂಬರ್ 3ಕ್ಕೆ ಮತದಾನ, 6ಕ್ಕೆ ಫಲಿತಾಂಶ, 10ಕ್ಕೆ ಗಣೇಶ ಚೌತಿ. ಅಂದರೆ ಪಟ್ಟಿ ಎತ್ತುವ ಹೊತ್ತು, ವೋಟು ಕೇಳುವ ಹೊತ್ತು ಎರಡೂ ಒಂದೇ. ಆಗ ನಾವು ಮಂಡಳಿಯಲ್ಲಿ ಕೂತು ಒಂದು ತೀರ್ಮಾನ ಮಾಡಿದೆವು. ಯಾರೇ ಅಭ್ಯರ್ಥಿ ಬರಲಿ, ಅವರ ಮನೆಯಿಂದ ಹಿಂದಿನ ವರ್ಷ ಎಷ್ಟು ಪಟ್ಟಿ ಬಂದಿತ್ತೋ ಅಷ್ಟೇ ತೆಗೆದುಕೊಳ್ಳುವುದು. ಹೆಸರು ಕರಿ ಹಲಗೆಯ ಮೇಲೆ ಎಲ್ಲರ ಜೊತೆ, ಅದೇ ಸುಣ್ಣದಕಡ್ಡಿ, ಅದೇ ಅಕ್ಷರ. ಮೈಕ್ ಇಲ್ಲ. ಆರತಿಗೆ ಬಂದರೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡು ಹೋಗಬಹುದು. ಒಬ್ಬರಿಗೆ ಸಿಟ್ಟು ಬಂತು, ಉಳಿದವರು ಒಪ್ಪಿದರು.

ನಿಮ್ಮ ಹುಡುಗರಿಗೆ ಹೀಗೆ ಕೇಳಿ ನೋಡಿ: ನಮ್ಮ ಓಣಿಯಲ್ಲಿ ಎಷ್ಟು ಮನೆ ಪಟ್ಟಿ ಕೊಡುತ್ತವೆ? ಆ ಮನೆಯವರನ್ನು ಕೇಳಿದ್ದೀರಾ? ಬೇರೆ ಏನೂ ಹೇಳಬೇಡಿ.

ಇನ್ನೊಂದು ಮಾತು. ವಿಸರ್ಜನೆ ದಿನ ನಮ್ಮ ಗಣಪ ಹೊಸೂರು ಬಾವಿ ಮುಟ್ಟುವಷ್ಟರಲ್ಲಿ ನಡುರಾತ್ರಿ ಆಗುತ್ತದೆ. ಹುಡುಗರು ಹಸಿದಿರುತ್ತಾರೆ. ಮರುದಿನ ಪೆಂಡಾಲ್ ಬಿಚ್ಚುವಾಗ, ಕಸ ಎತ್ತುವಾಗ ಯಾರೂ ಇರುವುದಿಲ್ಲ. ಆಗ ಬಂದು ಪೊರಕೆ ಹಿಡಿದ ಅಭ್ಯರ್ಥಿಯನ್ನು ನಾನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ನೋಡಿಲ್ಲ.


ನಿವೃತ್ತ ಮಾಸ್ತರ, ಗದಗ:

ತಂಗೀ, ನಾನು ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು. ಗ್ರಾಮ ಪಂಚಾಯ್ತಿಯಿಂದ ಲೋಕಸಭೆವರೆಗೆ ಎಲ್ಲ ಚುನಾವಣೆಗೂ ಮತಗಟ್ಟೆ ಕೆಲಸಕ್ಕೆ ಹೋಗಿದ್ದೇನೆ. ನಿನ್ನ ರೊಟ್ಟಿಯ ಪ್ರಶ್ನೆ ಸಣ್ಣದಲ್ಲ. ಕಾಯ್ದೆಯಲ್ಲೇ ಅದಕ್ಕೆ ಉತ್ತರ ಇದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 170ನೇ ಕಲಂ ಚುನಾವಣಾ ಲಂಚದ ಬಗ್ಗೆ ಹೇಳುತ್ತದೆ. ವೋಟು ಹಾಕಲಿ ಅಂತ ಕೊಡುವುದೂ ತಪ್ಪು, ಹಾಕಿದ್ದಕ್ಕೆ ತೆಗೆದುಕೊಳ್ಳುವುದೂ ತಪ್ಪು. ಶಿಕ್ಷೆ 173ರಲ್ಲಿದೆ, ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಊಟ, ಪಾನೀಯ, ಮನರಂಜನೆ, ದಿನಸಿ ರೂಪದಲ್ಲಿ ಕೊಟ್ಟದ್ದನ್ನು ಅದೇ ಕಲಂ ಬೇರೆಯಾಗಿ ಹೆಸರಿಸಿದೆ, ಅದಕ್ಕೆ ದಂಡ ಮಾತ್ರ. ದಂಡ ಮಾತ್ರ ಅಂತ ಹಗುರ ಮಾಡಬೇಡ. ರೊಟ್ಟಿಯೂ ಲಂಚ ಆಗಬಹುದು ಅಂತ ಕಾಯ್ದೆ ಒಪ್ಪಿದೆ ಅಂತ ಅದರ ಅರ್ಥ.

ಆದರೆ ಅದೇ 170ನೇ ಕಲಂನಲ್ಲಿ ಇನ್ನೊಂದು ಮಾತಿದೆ. ಸಾರ್ವಜನಿಕ ನೀತಿ ಹೇಳುವುದು, ಸಾರ್ವಜನಿಕ ಕೆಲಸ ಮಾಡುತ್ತೇನೆ ಅಂತ ಮಾತು ಕೊಡುವುದು ಅಪರಾಧವಲ್ಲ. ನೀರಿನ ಹೊತ್ತು ಗೊತ್ತುಪಡಿಸಲು ಹೋರಾಡುತ್ತೇನೆ ಅಂತ ನೀನು ಧೈರ್ಯವಾಗಿ ಹೇಳಬಹುದು. ನೀನು ಕೊಡಬೇಕಾದ್ದು ಆ ಮಾತನ್ನು, ರೊಟ್ಟಿಯನ್ನಲ್ಲ.

ಗಣಪತಿ ಪೆಂಡಾಲ್, ಮಠ, ಮಸೀದಿ, ಚರ್ಚು ಇವನ್ನು ಪ್ರಚಾರದ ವೇದಿಕೆ ಮಾಡಬಾರದು ಅಂತ ಮಾದರಿ ನೀತಿ ಸಂಹಿತೆ ಹೇಳುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು ಮೂರರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮ, ಜಾತಿ, ಭಾಷೆ ಮಾತ್ರವಲ್ಲ, ಮತದಾರರ ಧರ್ಮ, ಜಾತಿ, ಭಾಷೆ ಹಿಡಿದು ವೋಟು ಕೇಳುವುದೂ ಭ್ರಷ್ಟ ನಡವಳಿಕೆ ಅಂತ ಹೇಳಿತು. ಅದು ವಿಧಾನಸಭೆ, ಲೋಕಸಭೆ ಚುನಾವಣೆಯ 1951ರ ಕಾಯ್ದೆ ಮೇಲಿನ ತೀರ್ಪು. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಸೂಚನೆಗಳು ಬೇರೆ ಬರುತ್ತವೆ. ಆದರೂ ತೀರ್ಪಿನ ತಿರುಳನ್ನು ಮನಸ್ಸಿನಲ್ಲಿಟ್ಟುಕೋ. ನಿಮ್ಮ ಹಳೇ ಹುಬ್ಬಳ್ಳಿಯಲ್ಲಿ ಎಲ್ಲ ಜನ ಇದ್ದಾರೆ, ಎಲ್ಲರ ಹಬ್ಬವೂ ಇದೆ.

ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ, ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಮುಂದೆ ಕರಪತ್ರ ಮಾಡಿಸಿದರೆ ಅಚ್ಚು ಹಾಕಿದವರ ಹೆಸರು, ಮಾಡಿಸಿದವರ ಹೆಸರು, ಎಷ್ಟು ಪ್ರತಿ, ಇವು ಇರಲಿ. ನಿನ್ನ ಅಕ್ಕನ ಮಗನಿಗೆ ಈ ಕೆಲಸವನ್ನೇ ವಹಿಸು. ಕೆಲಸ ಕೈಯಲ್ಲಿದ್ದರೆ ಹುಡುಗ ಚೀಲದೊಳಗೆ ಕಾರ್ಡು ತುರುಕಲು ಹೋಗುವುದಿಲ್ಲ.


ರೊಟ್ಟಿ ಅಕ್ಕ, ಹಳೇ ಹುಬ್ಬಳ್ಳಿ:

ಮಾಸ್ತರರೇ, ದೊಡ್ಡ ಉಪಕಾರ. ಕಲಂ ನಂಬರನ್ನು ಬರೆದಿಟ್ಟುಕೊಂಡೆ. ಆದರೆ ದಾಸೋಹದ ರೊಟ್ಟಿಯ ಬಗ್ಗೆ ಒಂದು ಮಾತು ಹೇಳಿ. ಅದನ್ನು ನಾನು ಯಾರ ವೋಟಿಗೂ ಕೊಟ್ಟಿಲ್ಲ. ಮೊದಲ ವರ್ಷ ಕೊಡುವಾಗ ನಿಲ್ಲಬೇಕು ಅನ್ನುವ ಯೋಚನೆಯೂ ಇರಲಿಲ್ಲ.


ನಿವೃತ್ತ ಮಾಸ್ತರ, ಗದಗ:

ತಂಗೀ, ಚುನಾವಣೆ ಘೋಷಣೆ ಆಗುವ ಮುಂಚೆ ಶ್ರಾವಣ ಬಂದರೆ ಎಂದಿನಂತೆ ಕೊಡು. ಐದುನೂರು ಅಂದರೆ ಐದುನೂರೇ, ಈ ವರ್ಷ ಸಾವಿರ ಮಾಡಬೇಡ. ಹೆಸರು ಕೂಗಿಸಬೇಡ, ಫೋಟೋ ತೆಗೆಸಬೇಡ, ಬಡಿಸಲು ನಿಲ್ಲಬೇಡ. ಘೋಷಣೆ ಆದ ಮೇಲೆ ಬಂದರೆ ಆ ಒಂದು ವರ್ಷ ಮಠದವರಿಗೆ ಮೊದಲೇ ಹೇಳಿ ನಿಲ್ಲಿಸು. ಯಜಮಾನರ ಹೆಸರಿನ ಸೇವೆಯನ್ನು ಯಾರಾದರೂ ದೂರಿನ ಕಾಗದದಲ್ಲಿ ಬರೆಯುವ ಹಾಗೆ ಆಗಬಾರದು. ನಿನಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನ ಮನೆಯವಳ ಹೆಸರಿನಲ್ಲಿ ನಾನೂ ಪ್ರತಿ ವರ್ಷ ಜಾತ್ರೆಗೆ ಬೆಲ್ಲ ಕೊಡುತ್ತೇನೆ.


ಕೊಬ್ಬರಿ ಹೋರಿ, ಹಾವೇರಿ:

ಅಕ್ಕಾ, ಮೇಲಿನ ಇಬ್ಬರೂ ಹಿರಿಯರು, ಅವರ ಮಾತು ತಳ್ಳಿಹಾಕುವುದಿಲ್ಲ. ಆದರೆ ಎಲ್ಲ ಕಡೆ ದೂರ ನಿಲ್ಲಿ ಅಂದರೆ ನಿಮ್ಮಂಥವರು ಜನರನ್ನು ಎಲ್ಲಿ ನೋಡಬೇಕು? ದುಡ್ಡಿದ್ದವರು ಸಮಾವೇಶ ಮಾಡುತ್ತಾರೆ, ಬಸ್ಸು ಕಳಿಸುತ್ತಾರೆ. ದುಡ್ಡಿಲ್ಲದವರಿಗೆ ಜಾತ್ರೆ, ಹಬ್ಬ, ಮದುವೆ ಇವೇ. ಹೋಗಲೇಬೇಕು.

ನಮ್ಮ ಕಡೆ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಹಬ್ಬ. ಹೋರಿ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಡುತ್ತೇವೆ, ಹರಿದವನಿಗೆ ಕೊಬ್ಬರಿ. ಸಾವಿರಾರು ಜನ ಸೇರುತ್ತಾರೆ, ಅಂದಮೇಲೆ ರಾಜಕೀಯದವರು ಬಂದೇ ಬರುತ್ತಾರೆ. 2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ, ಶಿಗ್ಗಾಂವಿ ಉಪಚುನಾವಣೆ 13ಕ್ಕೆ. ಹಬ್ಬದ ದಿನಗಳಲ್ಲೂ ಮಾತೆಲ್ಲ ಚುನಾವಣೆಯದೇ.

ನಾನು ನೋಡಿದ್ದು ಹೇಳುತ್ತೇನೆ. ಒಂದು ಸಲ ನಮ್ಮೂರ ಅಖಾಡಕ್ಕೆ ಇಬ್ಬರು ಬಂದರು. ಒಬ್ಬರು ವೇದಿಕೆ ಹತ್ತಿ ಅರ್ಧ ಗಂಟೆ ಮಾತಾಡಿದರು. ಸಾಲಿನಲ್ಲಿ ಹೋರಿಗಳು ನಿಂತೇ ಇದ್ದವು. ಸಿಂಗಾರ ಮಾಡಿದ ಹೋರಿಯನ್ನು ಗದ್ದಲದಲ್ಲಿ ಅರ್ಧ ಗಂಟೆ ಹಿಡಿದು ನಿಲ್ಲಿಸುವುದು ಅಂದರೆ ಹಿಡಿದವರಿಗೇ ಗೊತ್ತು. ನಮ್ಮ ಹೋರಿ ಬೆದರಿ ನನ್ನ ತಮ್ಮನ ಕಾಲು ತುಳಿಯಿತು. ಅವರ ಭಾಷಣದ ಒಂದು ಮಾತೂ ನನಗೆ ನೆನಪಿಲ್ಲ, ತಮ್ಮನ ಕಾಲು ಬಾತದ್ದು ನೆನಪಿದೆ.

ಇನ್ನೊಬ್ಬರು ವೇದಿಕೆ ಹತ್ತಲೇ ಇಲ್ಲ. ಬೇಲಿ ಹತ್ತಿರ ಬಿಸಿಲಲ್ಲಿ ನಿಂತು, ಇದು ಯಾರ ಹೋರಿ, ಹೆಸರೇನು, ಏನು ತಿನ್ನಿಸುತ್ತೀರಿ ಅಂತ ಕೇಳಿದರು. ಸಂಜೆವರೆಗೂ ಇದ್ದರು. ಎರಡು ತಿಂಗಳ ಮೇಲೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸಿಕ್ಕರು. ನನ್ನ ಹೆಸರು ಮರೆತಿದ್ದರು, ಆದರೆ ಹೋರಿ ಹೆಸರು ಹಿಡಿದು "ಹೆಂಗೈತಿ?" ಅಂತ ಕೇಳಿದರು. ನಮ್ಮ ಮನೆಯ ಐದೂ ವೋಟು ಅವರಿಗೇ ಹೋದವು. ಅವರು ಸೋತರು, ಅದು ಬೇರೆ ಮಾತು. ಮತ್ತೆ ನಿಂತರೆ ಮತ್ತೆ ಹಾಕುತ್ತೇವೆ.


ಸಪ್ತಾಪುರದ ಹುಡುಗಿ, ಧಾರವಾಡ:

ಅಕ್ಕಾ, ನಾನು ಇಲ್ಲಿ ಪರೀಕ್ಷೆಗೆ ಓದುತ್ತಿದ್ದೇನೆ, ಲೆಕ್ಕ ಬಿಡಿಸುವುದೇ ನನ್ನ ಕೆಲಸ. ನಿಮಗಾಗಿ ಒಂದು ಲೆಕ್ಕ ಹಾಕಿದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9,43,788. 2021ರ ಚುನಾವಣೆಯಲ್ಲಿ ವಾರ್ಡು 82, ಅದಕ್ಕೂ ಮೊದಲು 67 ಇದ್ದವು. ಭಾಗಿಸಿದರೆ ಒಂದು ವಾರ್ಡಿಗೆ ಹನ್ನೊಂದೂವರೆ ಸಾವಿರ ಜನ. ಮನೆಗೆ ಐದು ಜನ ಅಂದುಕೊಂಡರೂ 2,300 ಮನೆ. ಈಗ ಜನ ಇನ್ನೂ ಜಾಸ್ತಿ ಇರುತ್ತಾರೆ. ಇರಲಿ, ದಿನಕ್ಕೆ 20 ಮನೆ ಮುಟ್ಟಿದರೆ ಸುಮಾರು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ನಿಮಗೆ ಗಣಪತಿ ಮೈಕ್ ಬೇಕೇ ಆಗುವುದಿಲ್ಲ.

2021ರಲ್ಲಿ 82ರಲ್ಲಿ 6 ಜನ ಪಕ್ಷೇತರರು ಗೆದ್ದಿದ್ದಾರೆ. ಪಕ್ಷ ಇಲ್ಲದೆ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಈ ಸಂಖ್ಯೆ ಹೇಳಿ. ನಮ್ಮ ರಾಜ್ಯದಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ನಿಮ್ಮ ವಾರ್ಡಿನ ಮೀಸಲಾತಿ ಯಾವ ಕಡೆ ತಿರುಗುತ್ತದೆ ಅನ್ನುವುದರ ಮೇಲೂ ಒಂದು ಕಣ್ಣಿಡಿ.

ಒಂದು ವಿನಂತಿ. ಮನೆಗೆ ಹೋದಾಗ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕೇಳಿ, ಒಳಗೆ ಹೋಗಿ ಮಾತಾಡಿಸಿ. ನಮ್ಮ ಊರಿನಲ್ಲಿ ಯಾರೇ ವೋಟು ಕೇಳಲು ಬಂದರೂ ಅಪ್ಪನ ಜೊತೆ ಕಟ್ಟೆ ಮೇಲೆ ಮಾತಾಡಿ ಹೋಗುತ್ತಾರೆ. ನನ್ನ ಅವ್ವ ಚಹಾ ಕಳಿಸಿ ಬಾಗಿಲ ಹಿಂದೆ ನಿಲ್ಲುತ್ತಾಳೆ. ನಾಲ್ಕು ಸಲ ವೋಟು ಹಾಕಿದ್ದಾಳೆ, ಒಬ್ಬರೂ ಅವಳನ್ನು ಏನು ಬೇಕು ಅಂತ ಕೇಳಿಲ್ಲ.


ರೊಟ್ಟಿ ಅಕ್ಕ, ಹಳೇ ಹುಬ್ಬಳ್ಳಿ:

ಹತ್ತು ದಿನ ಆಯಿತು, ಬರೆಯಲು ಆಗಿರಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಗಣಪತಿ ಮಂಡಳಿಯ ಸಭೆಗೆ ಹೋಗಿದ್ದೆ. ಐವತ್ತು ಸಾವಿರ ಆಗುವುದಿಲ್ಲ, ನಮ್ಮ ಮನೆಯಿಂದ ಪ್ರತಿ ವರ್ಷ ಹೋಗುವ 501 ಅಷ್ಟೇ ಅಂದೆ. ಹುಡುಗರ ಮುಖ ಇಳಿಯಿತು. ಒಬ್ಬ ಎದ್ದು, "ಹಂಗಾದ್ರ ಅವರ ಕಡೆ ಹೋಗ್ತೀವಿ" ಅಂದ. ಗೋಕುಲ ರಸ್ತೆ ಅಣ್ಣಾರು ಹೇಳಿದ ಪ್ರಶ್ನೆ ಕೇಳಿದೆ, ಎಷ್ಟು ಮನೆ ಪಟ್ಟಿ ಕೊಡುತ್ತವೆ ಅಂತ. ಯಾರಿಗೂ ಗೊತ್ತಿರಲಿಲ್ಲ. ಹಳೇ ಪುಸ್ತಕ ತಂದು ಎಣಿಸಿದರು. 214 ಮನೆ. ಎಣಿಸುತ್ತಾ ಎಣಿಸುತ್ತಾ ತಮ್ಮ ತಮ್ಮ ಮನೆಯ ಹೆಸರು ಸಿಕ್ಕಾಗ ನಿಲ್ಲುತ್ತಿದ್ದರು. ಒಬ್ಬನಿಗೆ ತೀರಿಕೊಂಡ ಅಪ್ಪನ ಅಕ್ಷರ ಸಿಕ್ಕಿತು, ಅವರು ಒಂದು ಕಾಲದಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಇನ್ನೂ ತೀರ್ಮಾನ ಆಗಿಲ್ಲ. ಅವರು ಇನ್ನೊಬ್ಬರ ದುಡ್ಡು ತೆಗೆದುಕೊಂಡರೂ ವಿಸರ್ಜನೆಯ ಮರುದಿನ ಪೆಂಡಾಲ್ ಬಿಚ್ಚುವಾಗ ನಾನು ಹೋಗುತ್ತೇನೆ. ಅಷ್ಟು ಹೇಳಿ ಬಂದೆ.

ದಾಸೋಹದ ವಿಷಯ ಮಠದ ಅಜ್ಜಾರಿಗೆ ಹೋಗಿ ಹೇಳಿದೆ. ಮಾಸ್ತರರು ಹೇಳಿದ್ದೇ ಅವರೂ ಹೇಳಿದರು. ಈ ಶ್ರಾವಣಕ್ಕೆ ಐದುನೂರು, ಹೆಸರಿಲ್ಲ. ಚುನಾವಣೆ ಬಂದ ವರ್ಷ ನೋಡೋಣ ಅಂದರು.

ಅಕ್ಕನ ಮಗನಿಗೆ ಮನೆಗಳ ಪಟ್ಟಿ ಬರೆಯುವ ಕೆಲಸ ಕೊಟ್ಟಿದ್ದೇನೆ. ಯಾವ ಮನೆಗೆ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬಂತು ಅಂತ ಬರೆದುಕೊಂಡು ಬರುತ್ತಾನೆ. ಧಾರವಾಡದ ತಂಗಿ ಹೇಳಿದ ಹಾಗೆ ದಿನಕ್ಕೆ 20 ಮನೆ. ನಿನ್ನೆಗೆ 130 ಆದವು. ಒಂದೇ ಓಣಿಯ ಆ ತುದಿಗೆ ಈ ತುದಿಗೆ ಎರಡು ದಿನದ ಫರಕು ಇದೆ ಅಂತ ನನಗೂ ಈಗಲೇ ಗೊತ್ತಾಗಿದ್ದು.

ಆ ಅಜ್ಜಿಯ ಮನೆಗೆ ಹೋಗಲು ಮಾತ್ರ ಎಂಟು ದಿನ ಧೈರ್ಯ ಬರಲಿಲ್ಲ. ಮೊನ್ನೆ ಸಂಜೆ ಹೋದೆ, ಬರಿಗೈಯಲ್ಲಿ. ರೊಟ್ಟಿ ಒಯ್ಯಲಿಲ್ಲ. ಅಜ್ಜಿ ಕೂರು ಅಂದರು, ಚಹಾ ಕೊಟ್ಟರು. ಕಾರ್ಡಿನ ಮಾತು ಅವರೂ ಎತ್ತಲಿಲ್ಲ, ನಾನೇ ಎತ್ತಿ ಮತ್ತೊಮ್ಮೆ ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಬ್ಯಾರಲ್ ತೋರಿಸಿದರು. ಬಾಣಂತಿ ಮನೆಗೆ ಬಂದರೆ ಈ ನೀರು ಎಷ್ಟು ದಿನ ಸಾಕು, ನೀನೇ ಹೇಳು ಅಂದರು. ಎರಡು ದಿನ ಅಂದೆ. ನಲ್ಲಿ ಬಂದ ದಿನವನ್ನೆಲ್ಲ ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ, ಮೂರು ವರ್ಷದ್ದು. ಆ ಕ್ಯಾಲೆಂಡರ್‌ಗಳನ್ನು ಗೋಡೆಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಹೊರಡುವಾಗ ತೊಟ್ಟಿಲಿಗೆ ಮುನ್ನೂರು ರೊಟ್ಟಿ ಬೇಕು ಅಂದರು. ದುಡ್ಡು ಆಮೇಲೆ ಕೊಡಿ ಅಂದೆ. ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಮುಂಗಡ ಕೈಯಲ್ಲಿಟ್ಟು, "ಬರ್ಕೋ" ಅಂದರು. ಅಲ್ಲೇ ಕೂತು ಬರೆದುಕೊಂಡೆ.